ಮಕ್ಕಳ ಬರವಣಿಗೆಯೂ ಟ್ಯಾಬ್ಲೆಟ್ಟಿನ ಭ್ರಮೆಯೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೂ, ಎಸ್‌ಡಿಎಂಸಿಯ ಯಾವ ಸಭೆಯಲ್ಲಿ ಕುಳಿತರೂ, ತಾವು ಓದಿದ ಶಾಲೆಗೆ ಏನನ್ನಾದರೂ ಮಾಡಬೇಕೆಂದು ಬೆಂಗಳೂರಿನಿಂದ ಬರುವ ಹಳೆಯ ವಿದ್ಯಾರ್ಥಿಗಳ ಮಾತನ್ನು ಕೇಳಿದರೂ, ಒಂದು ಅಭಿಪ್ರಾಯವು ಈಚಿನ ವರ್ಷಗಳಲ್ಲಿ ಸರ್ವಸಮ್ಮತವಾದ ಸತ್ಯದ ಸ್ಥಾನವನ್ನು ಪಡೆದುಕೊಂಡಿರುವುದು ಗೋಚರವಾಗುತ್ತದೆ. ನಮ್ಮ ಮಕ್ಕಳಿಗೆ ಬರೆಯಲು ಬರುವುದಿಲ್ಲ. ನಾಲ್ಕು ಸಾಲು ಸ್ವಂತವಾಗಿ ಬರೆಯೆಂದರೆ ಏಳನೆಯ ತರಗತಿಯ ಹುಡುಗನೂ ಪೆನ್ನಿನ ತುದಿಯನ್ನು ಕಚ್ಚುತ್ತ ಕೂರುತ್ತಾನೆ. ಆದುದರಿಂದ ಪ್ರತಿಯೊಂದು ಮಗುವಿನ ಕೈಗೂ ಒಂದು ಟ್ಯಾಬ್ ಕೊಟ್ಟು, ವಿಷಯವನ್ನು ಸೂಚಿಸುವ, ಪದವನ್ನು ಒದಗಿಸುವ, ತಪ್ಪನ್ನು ಒಡನೆಯೇ ತಿದ್ದುವ ಆ್ಯಪ್‌ಗಳನ್ನು ಅದರಲ್ಲಿ ಅಳವಡಿಸಿದರೆ, ಬರವಣಿಗೆಯ ಭಯ ನೀಗಿ, ಹಳ್ಳಿಯ ಮಗುವೂ ನಗರದ ಮಗುವಿಗೆ ಸರಿಸಮನಾಗಿ ಬರೆಯಬಲ್ಲದು ಎಂಬುದೇ ಆ ಅಭಿಪ್ರಾಯ. 2021ರಲ್ಲಿ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರವೇ ಟ್ಯಾಬ್‌ಗಳನ್ನು ಹಂಚಲು ಮುಂದಾದ ಮೇಲೆ, ಕಾಲೇಜಿಗೆ ಬಂದದ್ದು ಪ್ರಾಥಮಿಕ ಶಾಲೆಗೆ ಏಕೆ ಬರಬಾರದೆಂಬ ವಾದಕ್ಕೆ ಬಲವೂ ಬಂದಿದೆ.

ಹೀಗೆ ಹೇಳುವವರು ಮಕ್ಕಳ ಹಿತೈಷಿಗಳೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಮ್ಮ ಮಕ್ಕಳ ಬರವಣಿಗೆ ದುಃಸ್ಥಿತಿಯಲ್ಲಿದೆಯೆಂದು ಅವರು ಗುರುತಿಸಿರುವುದೂ ಸರಿಯೇ. ಆದರೆ ಆ ದುಃಸ್ಥಿತಿಗೆ ಅವರು ಕಂಡುಕೊಂಡ ಕಾರಣ ತಪ್ಪು. ಕಾರಣ ತಪ್ಪಾದುದರಿಂದ ಪರಿಹಾರವೂ ತಪ್ಪು. ಪರಿಹಾರ ತಪ್ಪಾಗಿರುವುದಷ್ಟೇ ಅಲ್ಲ, ಅದು ನಿಜವಾದ ಪರಿಹಾರಕ್ಕೆ ಸಲ್ಲಬೇಕಾದ ಹಣವನ್ನೂ ಕಾಲವನ್ನೂ ಗಮನವನ್ನೂ ತಾನು ನುಂಗಿಹಾಕುವುದರಿಂದ ಅನಿಷ್ಟವೂ ಹೌದು ಎಂಬುದು ನನ್ನ ದೃಢವಾದ ನಿಲುವು. ಅದನ್ನು ಇಲ್ಲಿ ಸಮರ್ಥಿಸಬೇಕಾಗಿದೆ.

ಬರವಣಿಗೆಯೆಂದರೆ ಅಕ್ಷರಗಳನ್ನು ತಪ್ಪಿಲ್ಲದೆ ಸಾಲಾಗಿ ನಿಲ್ಲಿಸುವ ಕೌಶಲವೆಂದು ತಿಳಿದವರಿಗೆ ಯಂತ್ರದ ಸಹಾಯವು ಸಹಜವಾಗಿಯೇ ಯುಕ್ತವೆಂದು ತೋರುತ್ತದೆ. ಬರವಣಿಗೆ ಅಷ್ಟೇ ಅಲ್ಲ. ಎದುರಿಗಿಲ್ಲದ ಒಬ್ಬರನ್ನು ಮನಸ್ಸಿನಲ್ಲಿ ಎದುರಿಗೆ ನಿಲ್ಲಿಸಿಕೊಂಡು, ತಾನು ಕಂಡದ್ದನ್ನು ಅವರೂ ಕಾಣುವಂತೆ, ತನಗೆ ತಿಳಿದದ್ದು ಅವರಿಗೂ ತಿಳಿಯುವಂತೆ ಹೇಳುವ ಪ್ರಯತ್ನವೇ ಬರವಣಿಗೆ. ಮಾತನಾಡುವಾಗ ಕೇಳುವವರ ಮುಖ ನಮ್ಮೆದುರಿಗಿರುತ್ತದೆ. ಅವರ ಹುಬ್ಬು ಗಂಟಿಕ್ಕಿದರೆ ಇನ್ನೊಂದು ಮಾತು ಸೇರಿಸುತ್ತೇವೆ, ಅವರು ತಲೆದೂಗಿದರೆ ಮುಂದಕ್ಕೆ ಹೋಗುತ್ತೇವೆ. ಬರೆಯುವಾಗ ಆ ಮುಖವನ್ನು ನಾವೇ ಕಲ್ಪಿಸಿಕೊಳ್ಳಬೇಕು. ತನ್ನ ಬರಹವನ್ನು ಯಾರಾದರೂ ಆಸಕ್ತಿಯಿಂದ ಓದಿದ, ಓದಿ ಪ್ರಶ್ನೆ ಕೇಳಿದ, ನಕ್ಕ, ಮೆಚ್ಚಿದ ಅನುಭವ ಹತ್ತಾರು ಬಾರಿ ಆದ ಮೇಲಲ್ಲದೆ ಈ ಕಲ್ಪನಾಶಕ್ತಿ ಯಾವ ಮಗುವಿಗೂ ಒದಗುವುದಿಲ್ಲ. ನಮ್ಮ ಮಕ್ಕಳಿಗೆ ಇಲ್ಲದಿರುವುದು ಈ ಅನುಭವ. ಅವರು ಬರೆದದ್ದನ್ನು ಓದುವವರಿಲ್ಲ. ಆದಕಾರಣ ಅವರಿಗೆ ಬರೆಯಲು ಬರುವುದಿಲ್ಲ.

ಓದುವವರಿಲ್ಲವೆಂದರೆ ಉಪಾಧ್ಯಾಯ ವರ್ಗಕ್ಕೆ ನೋವಾದೀತು. ನೋಟ್‌ಬುಕ್ಕುಗಳಿಗೆ ಸಹಿ ಹಾಕುವುದಿಲ್ಲವೇ, ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವುದಿಲ್ಲವೇ ಎಂದು ಅವರು ಕೇಳಿಯಾರು. ತಿದ್ದುವುದು ಬೇರೆ, ಓದುವುದು ಬೇರೆ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಅಂಕಗಳಿವೆ. ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ಗಾದೆಯ ವಿಸ್ತರಣೆ, ಪತ್ರಲೇಖನ, ಪ್ರಬಂಧ ಎಲ್ಲಕ್ಕೂ ಸ್ಥಾನವುಂಟು. ಆದರೆ ಗಾದೆಯ ವಿಸ್ತರಣೆಯೆಂದರೆ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ತೊಡಗುವುದು, ಹಿರಿಯರ ಅನುಭವದ ಸಾರವೆಂದು ಮುಂದುವರಿಸುವುದು, ಕೊಟ್ಟ ಗಾದೆ ಯಾವುದೇ ಆದರೂ ಅದೇ ಮೂರು ವಾಕ್ಯಗಳ ತಲೆಕಟ್ಟನ್ನು ಹೊದಿಸುವುದು ಎಂಬುದನ್ನು ಗೈಡುಗಳು ಮಕ್ಕಳಿಗೆ ಕಲಿಸಿಬಿಟ್ಟಿವೆ. ಮೌಲ್ಯಮಾಪನದ ಕೊಠಡಿಯಲ್ಲಿ ಆ ಉತ್ತರವನ್ನು ನೋಡುವವರು ಅಪರಿಚಿತರು, ಅವಸರದವರು. ಅವರು ಅಂಕವನ್ನು ಕೊಟ್ಟಾರೇ ಹೊರತು ಮಗುವಿಗೆ ಮರುಮಾತು ಹೇಳಲಾರರು. 2019ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಹಾಸನ ಜಿಲ್ಲೆ ಇಡೀ ರಾಜ್ಯಕ್ಕೆ ಮೊದಲನೆಯದಾಯಿತು. ಆ ಸಾಧನೆಗೆ ದುಡಿದ ಅಧ್ಯಾಪಕರನ್ನು ನಾವು ಗೌರವದಿಂದಲೇ ಸ್ಮರಿಸಬೇಕು. ಆದರೂ ಅಂತಹ ಫಲಿತಾಂಶವನ್ನು ತಂದುಕೊಟ್ಟ ಮಕ್ಕಳಲ್ಲಿ ಎಷ್ಟು ಮಂದಿ ತಮ್ಮ ಊರಿನ ಜಾತ್ರೆಯನ್ನು ಒಂದು ಪುಟದಲ್ಲಿ ತಮ್ಮದೇ ಮಾತಿನಲ್ಲಿ ಬರೆಯಬಲ್ಲರು ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. 2005ರಿಂದ ನಡೆದುಬಂದಿರುವ ‘ಅಸರ್’ ಸಮೀಕ್ಷೆಯೂ ಗ್ರಾಮೀಣ ಮಕ್ಕಳ ಓದನ್ನೂ ಲೆಕ್ಕವನ್ನೂ ಮುಖ್ಯವಾಗಿ ಪರೀಕ್ಷಿಸುತ್ತದೆಯಲ್ಲದೆ ಸ್ವಂತ ಬರವಣಿಗೆಯನ್ನು ಅಳೆಯುವ ಗೋಜಿಗೆ ಹೋಗುವುದಿಲ್ಲ. 2021ರ ಜುಲೈನಲ್ಲಿ, ಸಾಂಕ್ರಾಮಿಕದ ಕಾರಣದಿಂದ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯೇ ಎರಡು ದಿನಗಳಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಒಎಂಆರ್ ಹಾಳೆಗಳ ಮೇಲೆ ಮುಗಿದುಹೋಯಿತು. ಆ ಪರೀಕ್ಷೆಯಲ್ಲಿ ಒಂದು ವಾಕ್ಯವನ್ನೂ ಬರೆಯದೆ ಆ ಸಾಲಿನ ಮಕ್ಕಳು ಪ್ರೌಢಶಾಲೆಯನ್ನು ದಾಟಿದರು. ಬರಹವನ್ನು ಯಾರೂ ಓದದ ಈ ವ್ಯವಸ್ಥೆಯೊಳಕ್ಕೆ ಟ್ಯಾಬ್ ಈಗ ಪ್ರವೇಶಿಸುತ್ತಿದೆ.

ಪೂರ್ವಪಕ್ಷದವರ ವಾದಗಳನ್ನು ಒಂದೊಂದಾಗಿ, ಅವುಗಳ ಪೂರ್ಣಬಲದೊಡನೆಯೇ ಪರಿಶೀಲಿಸುವುದು ನ್ಯಾಯ.

ಮೊದಲನೆಯ ವಾದ: ಆ್ಯಪ್ ತಪ್ಪನ್ನು ಒಡನೆಯೇ ತಿದ್ದುತ್ತದೆ, ಉಪಾಧ್ಯಾಯರು ಹದಿನೈದು ದಿನಗಳ ಮೇಲೆ ಎಳೆಯುವ ಕೆಂಪು ಗೆರೆಗಿಂತ ಕ್ಷಣದಲ್ಲಿ ದೊರೆಯುವ ತಿದ್ದುಪಡಿ ಮೇಲು. ಕೇಳಲು ಇದು ಸರಿಯಾಗಿಯೇ ಇದೆ. ಆದರೆ ಆಗುವುದೇನು? ನಮ್ಮ ಸೀಮೆಯ ಮಗು ಮನೆಯ ಮಾತಿನಲ್ಲಿ ಹಕಾರವನ್ನಾಗಲಿ ಮಹಾಪ್ರಾಣವನ್ನಾಗಲಿ ಕೇಳಿರುವುದು ಅಪರೂಪ. ‘ಹಳ್ಳಿ’ಯನ್ನು ಅದು ‘ಅಳ್ಳಿ’ ಎಂದೂ, ‘ಭೂಮಿ’ಯನ್ನು ‘ಬೂಮಿ’ ಎಂದೂ ಬರೆಯುತ್ತದೆ. ಕಾಗದದ ಮೇಲೆ ಬರೆದಾಗ ಆ ತಪ್ಪು ಉಪಾಧ್ಯಾಯರ ಕಣ್ಣಿಗೆ ಬೀಳುತ್ತದೆ; ಈ ಮಗುವಿನ ಕಿವಿಗೂ ಕಾಗುಣಿತಕ್ಕೂ ನಡುವೆ ಎಲ್ಲಿ ಅಂತರವಿದೆಯೆಂಬುದು ಅವರಿಗೆ ತಿಳಿಯುತ್ತದೆ; ಉಕ್ತಲೇಖನದಲ್ಲಿ ಅದಕ್ಕೆ ತಕ್ಕ ಪದಗಳನ್ನು ಅವರು ಆರಿಸಿಕೊಳ್ಳಬಲ್ಲರು. ಪರದೆಯ ಮೇಲಾದರೋ ಮಗು ಎರಡು ಅಕ್ಷರ ಒತ್ತುವಷ್ಟರಲ್ಲಿ ಪೂರ್ಣವಾದ ಪದ ಮೇಲಿನ ಪಟ್ಟಿಯಲ್ಲಿ ಬಂದು ನಿಲ್ಲುತ್ತದೆ. ಮಗು ಅದನ್ನು ಮುಟ್ಟುತ್ತದೆ. ಪದ ಸರಿಯಾಗಿ ಮೂಡುತ್ತದೆ. ಒತ್ತಕ್ಷರ ಎಲ್ಲಿ ಸೇರಬೇಕು, ಅರ್ಕಾವೊತ್ತು ಯಾವ ಅಕ್ಷರದ ಬೆನ್ನಿಗೆ ನಿಲ್ಲಬೇಕು ಎಂಬ ವಿಚಾರ ಮಗುವಿನ ಮನಸ್ಸಿಗೆ ಬರುವ ಮೊದಲೇ ತೀರ್ಮಾನವಾಗಿಹೋಗಿರುತ್ತದೆ. ತಪ್ಪು ಮಾಯವಾಯಿತು, ತಪ್ಪಿನ ಕಾರಣ ಹಾಗೆಯೇ ಉಳಿಯಿತು. ಅದನ್ನು ನೋಡಬೇಕಾದವರಿಗೆ ಅದು ಕಾಣದಂತೆಯೂ ಆಯಿತು. ಇದರ ಮೇಲೆ, ಪ್ರತ್ಯಯಗಳೂ ಸಂಧಿಗಳೂ ಒಂದರ ಬೆನ್ನಿಗೊಂದು ಸೇರಿ ಒಂದೊಂದು ಪದವೂ ಒಂದೊಂದು ವಾಕ್ಯದಷ್ಟಾಗಬಲ್ಲ ಕನ್ನಡದಲ್ಲಿ, ಸರಿಯಾದ ಪದದ ಕೆಳಗೂ ಯಂತ್ರವು ಕೆಂಪು ಗೆರೆಯನ್ನೆಳೆಯುವುದುಂಟು. ತಾನು ಸರಿಯಾಗಿ ಬರೆದದ್ದನ್ನು ತಪ್ಪೆಂದು ನಂಬಿ ಅಳಿಸಿಹಾಕುವ ಮಗು ತನ್ನ ಭಾಷೆಯ ಮೇಲಿನ ವಿಶ್ವಾಸವನ್ನೇ ಕಳೆದುಕೊಳ್ಳುತ್ತದೆ.

ಕಾಗುಣಿತದ ಮಾತು ಹಾಗಿರಲಿ. ಬರಹದಲ್ಲಿ ನಿಜವಾಗಿ ತಿದ್ದಬೇಕಾದದ್ದು ಯಾವುದೆಂಬುದನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸುತ್ತೇನೆ. ಅರಕಲಗೂಡು ಕಡೆಯ ಆರನೆಯ ತರಗತಿಯ ಹುಡುಗಿಯೊಬ್ಬಳು ಬೇಸಗೆಯ ರಜೆಯ ವಿಷಯವಾಗಿ ಮೂರು ವಾಕ್ಯಗಳನ್ನು ಬರೆದಳೆಂದು ಇಟ್ಟುಕೊಳ್ಳೋಣ: ‘ಅಪ್ಪ ಹಾಸನದಿಂದ ಬಿತ್ತನೆ ಆಲೂಗೆಡ್ಡೆ ತಂದರು. ನಾವು ಕುಯ್ದೆವು. ಆಮೇಲೆ ನೆಟ್ಟೆವು.’ ಯಾವ ಆ್ಯಪ್ ಆದರೂ ಇದನ್ನು ನಿರ್ದುಷ್ಟವೆಂದು ಒಪ್ಪುತ್ತದೆ. ಹೆಚ್ಚೆಂದರೆ ‘ಕುಯ್ದೆವು’ ಎಂಬುದನ್ನು ಬದಲಿಸಲು ಸೂಚಿಸೀತು. ಆದರೆ ಆ ಹುಡುಗಿಗೆ ಓದುಗರಾದ ಒಬ್ಬ ಉಪಾಧ್ಯಾಯಿನಿ ಇದ್ದು, ಅಂಚಿನಲ್ಲಿ ‘ಹೇಗೆ ಕುಯ್ದಿರಿ? ನನಗೆ ಗೊತ್ತಿಲ್ಲ, ಬರೆ’ ಎಂದು ಒಂದೇ ಸಾಲು ಬರೆದರೆ, ಮರುದಿನ ಆ ಪುಸ್ತಕದಲ್ಲಿ ಬರುವುದು ಬೇರೆಯೇ ಗದ್ಯ: ‘ಒಂದೊಂದು ಹೋಳಿಗೂ ಕಣ್ಣು ಇರಬೇಕು ಮಿಸ್. ಕಣ್ಣು ಇಲ್ಲದ ಹೋಳು ಮೊಳೆಯಲ್ಲ. ಅಜ್ಜಿ ಗೆಡ್ಡೆ ತಿರುಗಿಸಿ ತಿರುಗಿಸಿ ಕಣ್ಣು ನೋಡಿ ಕುಯ್ಯುತ್ತಾರೆ. ನಾನು ಸುಮ್ಮನೆ ಎರಡು ಹೋಳು ಮಾಡಿದೆ, ಬೈದರು.’ ಪಂಜಾಬಿನ ಜಲಂಧರದ ಕಡೆಯಿಂದ ಲಾರಿಗಳಲ್ಲಿ ಬಂದು ಹಾಸನದ ಎಪಿಎಂಸಿ ಪ್ರಾಂಗಣದಲ್ಲಿ ಇಳಿಯುವ ಆ ಬಿತ್ತನೆಯ ವಿಷಯ, ಮುಂಗಾರಿನ ಮೊದಲ ಮಳೆಗೆ ಅದನ್ನು ನೆಡುವ ಆತುರ, ಅಂಗಮಾರಿ ರೋಗ ಬಂದ ವರ್ಷ ಮನೆಯಲ್ಲಿ ಕವಿದ ಮೌನ ಎಲ್ಲವೂ ಆ ಮಗುವಿನೊಳಗಿದೆ. ಅದನ್ನು ಹೊರಕ್ಕೆ ತಂದದ್ದು ತಿದ್ದುಪಡಿಯಲ್ಲ, ಒಂದು ಪ್ರಶ್ನೆ. ಅದೂ ಉತ್ತರವನ್ನು ನಿಜವಾಗಿ ತಿಳಿಯಬಯಸುವ ಮನುಷ್ಯರ ಪ್ರಶ್ನೆ. ಯಂತ್ರವೂ ಇನ್ನಷ್ಟು ವಿವರಿಸೆಂದು ಕೇಳಬಲ್ಲದು. ಆದರೆ ಅದಕ್ಕೆ ಆಲೂಗೆಡ್ಡೆಯ ಕಣ್ಣಿನ ವಿಷಯದಲ್ಲಿ ಕುತೂಹಲವಿಲ್ಲವೆಂಬುದು ಮಗುವಿಗೆ ಗೊತ್ತಾಗದೆ ಇರುವುದಿಲ್ಲ. ಕುತೂಹಲವಿಲ್ಲದವರಿಗೆ ಯಾರೂ ಮನಸ್ಸಿಟ್ಟು ಹೇಳುವುದಿಲ್ಲ.

ಎರಡನೆಯ ವಾದ ಇತಿಹಾಸದ್ದು. ಸಾಧನಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಕಲ್ಲಿನಿಂದ ಓಲೆಗೆ, ಓಲೆಯಿಂದ ಕಾಗದಕ್ಕೆ, ಬಳಪದಿಂದ ಪೆನ್ನಿಗೆ ಬಂದವರು ಪೆನ್ನಿನಿಂದ ಪರದೆಗೆ ಹೋಗುವುದರಲ್ಲಿ ಆಕ್ಷೇಪವೇನು ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಕೇಳಲು ನಮ್ಮ ಜಿಲ್ಲೆಗಿಂತ ಉಚಿತವಾದ ಸ್ಥಳವಿಲ್ಲ. ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ನಿರ್ಣಯಿಸಿರುವ ಹಲ್ಮಿಡಿ ಶಾಸನ ದೊರೆತದ್ದು ಬೇಲೂರು ತಾಲ್ಲೂಕಿನಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಎರಡು ಬೆಟ್ಟಗಳ ಮೇಲೂ ಊರಿನಲ್ಲೂ ನೂರಾರು ಶಾಸನಗಳಿವೆ. ಕನ್ನಡದ ಶಾಸನಗಳಲ್ಲಿ ಪಾಠವನ್ನು ರಚಿಸಿದವನ ಹೆಸರನ್ನೂ ಕಲ್ಲಿನಲ್ಲಿ ಕಂಡರಿಸಿದವನ ಹೆಸರನ್ನೂ ಬೇರೆ ಬೇರೆಯಾಗಿ ಹೇಳುವ ಸಂಪ್ರದಾಯವೊಂದುಂಟು. ಅದರಿಂದ ತಿಳಿಯುವುದೇನೆಂದರೆ, ಉಳಿಯು ಯಾರ ಕೈಯಲ್ಲಿದ್ದರೂ ವಾಕ್ಯವು ಅದನ್ನು ರಚಿಸಿದವನದೇ ಆಗಿತ್ತು. ಉಳಿಯಾಗಲಿ, ಓಲೆಯನ್ನು ಕೊರೆಯುವ ಕಂಟವಾಗಲಿ, ಹಕ್ಕಿಯ ಗರಿಯಾಗಲಿ, ಬೆರಳಚ್ಚಿನ ಯಂತ್ರವಾಗಲಿ ಬರೆಯುವವನಿಗೆ ಮುಂದಿನ ಪದವನ್ನು ಎಂದೂ ಹೇಳಿಕೊಡಲಿಲ್ಲ. ಈಗಿನ ಸಾಧನವಾದರೋ ಹೇಳಿಕೊಡುತ್ತದೆ. ಮುಂದಿನ ಪದವನ್ನಷ್ಟೇ ಅಲ್ಲ, ಕೇಳಿದರೆ ಇಡೀ ಪ್ರಬಂಧವನ್ನೇ ಬರೆದುಕೊಡುತ್ತದೆ. ಆದಕಾರಣ ಇದು ಹಿಂದಿನ ಬದಲಾವಣೆಗಳ ಸಾಲಿನಲ್ಲಿ ಇನ್ನೊಂದಲ್ಲ, ಜಾತಿಯಲ್ಲಿಯೇ ಬೇರೆ.

ಅದು ಹೇಳಿಕೊಡುವ ಪದವಾದರೂ ಯಾವುದು? ಎಲ್ಲರೂ ಎಲ್ಲೆಲ್ಲೂ ಅತಿ ಹೆಚ್ಚಾಗಿ ಬಳಸಿರುವ ಪದ. ಎಲ್ಲರ ಪದವನ್ನು ಆರಿಸಿಕೊಳ್ಳುವುದನ್ನೇ ಅಭ್ಯಾಸಮಾಡಿದ ಮಗುವಿಗೆ ತನ್ನ ಪದವನ್ನು ಹುಡುಕುವ ಪ್ರಸಂಗವೇ ಬರುವುದಿಲ್ಲ. ಹೇಮಾವತಿಯ ದಡದಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ‘ಹಳ್ಳಿಯ ಚಿತ್ರಗಳು’ ಎಂಬ ಪುಸ್ತಕದಿಂದ ಕನ್ನಡ ಗದ್ಯಕ್ಕೆ ತಂದ ಸೊಗಸು, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ‘ಗೃಹಭಂಗ’ಕ್ಕೆ ತಂದ ಆ ಸೀಮೆಯ ಕಠಿಣವಾದ ಮಾತು, ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯದಲ್ಲಿ ಕುಳಿತು ಶಾಂಕರ ವೇದಾಂತವನ್ನು ಕನ್ನಡಿಗರಿಗೆ ತಿಳಿಯಹೇಳಿದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ನಿಷ್ಕೃಷ್ಟ ಗದ್ಯ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾದ ಕಥೆಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರು ಕನ್ನಡಕ್ಕೆ ಹೊಂದಿಸಿದ ಮುಸ್ಲಿಂ ಮನೆಗಳ ನುಡಿ ಇವೆಲ್ಲವೂ ಇಲ್ಲಿಯವೇ. ಇವುಗಳಲ್ಲಿ ಒಂದೂ ಎಲ್ಲರೂ ಊಹಿಸಬಹುದಾದ ಪದಗಳಿಂದ ಕಟ್ಟಿದ್ದಲ್ಲ. ಊಹೆಗೆ ಸಿಕ್ಕದ ಮಾತನ್ನು ಆಡುವ ಧೈರ್ಯವನ್ನು ಮಕ್ಕಳಲ್ಲಿ ಬೆಳೆಸಬೇಕಾದ ಶಾಲೆಯು ಊಹೆಯ ಯಂತ್ರವನ್ನು ಅವರ ಕೈಗಿಡುವುದು ತನ್ನ ಧರ್ಮಕ್ಕೆ ವಿರುದ್ಧ.

ಮೂರನೆಯ ವಾದ: ಕೈಬರಹ ವೃಥಾಶ್ರಮ, ಕೈ ನೋಯುವುದರಿಂದಲೇ ಮಗು ಬರೆಯಲು ಅಂಜುತ್ತದೆ. ಆದರೆ ಫ್ರಾನ್ಸಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೂರರಿಂದ ಐದು ವರ್ಷದ ಮಕ್ಕಳ ಪೈಕಿ ಅಕ್ಷರಗಳನ್ನು ಕೈಯಿಂದ ಬರೆದು ಕಲಿತವರು, ಅದರಲ್ಲಿಯೂ ವಯಸ್ಸಿನಲ್ಲಿ ದೊಡ್ಡವರು, ಕೀಲಿಯನ್ನೊತ್ತಿ ಕಲಿತವರಿಗಿಂತ ಅವುಗಳನ್ನು ಚೆನ್ನಾಗಿ ಗುರುತಿಸಿದರು. ಅಲ್ಲಿಯದು ಇಪ್ಪತ್ತಾರು ಅಕ್ಷರಗಳ ಲಿಪಿ. ವ್ಯಂಜನಕ್ಕೆ ಸ್ವರ ಸೇರಿ ಕಾಗುಣಿತವಾಗಿ, ಅದಕ್ಕೆ ಒತ್ತು ಸೇರಿ ಸಂಯುಕ್ತಾಕ್ಷರವಾಗಿ, ಮೇಲೆ ಕೆಳಗೆ ಬಲಕ್ಕೆ ಹರಡಿಕೊಳ್ಳುವ ನಮ್ಮ ಲಿಪಿಯ ರಚನೆಯನ್ನು ಬೆರಳು ಅರಿಯದೆ ಕಣ್ಣು ಅರಿಯುವುದು ಇನ್ನೂ ಕಷ್ಟವೆಂದೇ ನನ್ನ ಅಭಿಪ್ರಾಯ. ಶಾಲೆಗಳನ್ನು ಪರದೆಗಳಿಂದ ತುಂಬುವುದರಲ್ಲಿ ಮುಂದಿದ್ದ ಸ್ವೀಡನ್ ದೇಶವು 2023ರಲ್ಲಿ ಹಿಂದಿರುಗಿ ನೋಡಿ, ಅಚ್ಚಾದ ಪುಸ್ತಕಕ್ಕೂ ಕೈಬರಹಕ್ಕೂ ಮತ್ತೆ ಪ್ರಾಧಾನ್ಯವನ್ನು ಕೊಡಲು ತೊಡಗಿತು. ಸಿರಿವಂತ ದೇಶವೊಂದು ಅನುಭವದಿಂದ ಕಲಿತು ಬಿಡುತ್ತಿರುವುದನ್ನು ನಾವು ಸಾಲಮಾಡಿ ಕೊಳ್ಳಬೇಕೆನ್ನುವುದಕ್ಕೆ ಸಮರ್ಥನೆಯಿಲ್ಲ.

ನಾಲ್ಕನೆಯ ವಾದವೇ ಎಲ್ಲಕ್ಕಿಂತ ಗಂಭೀರವಾದದ್ದು. ಅದರಲ್ಲಿ ನೈತಿಕ ಬಲವಿದೆ. ಬೆಂಗಳೂರಿನ ಮಗುವಿಗೆ ಇರುವುದು ಹಳ್ಳಿಯ ಮಗುವಿಗೆ ಬೇಡವೆನ್ನಲು ನೀವು ಯಾರು ಎಂದು ಕೇಳುತ್ತಾರೆ. ಸಾಂಕ್ರಾಮಿಕದ ಕಾಲದಲ್ಲಿ ಪಾಠವೆಲ್ಲ ಮೊಬೈಲಿಗೆ ಹೋದಾಗ, ಮೊಬೈಲಿಲ್ಲದ ಮನೆಯ ಮಕ್ಕಳು ಚಂದನ ವಾಹಿನಿಯ ‘ಸಂವೇದ’ ಪಾಠಗಳಿಗೂ ಊರ ಜಗುಲಿಯ ‘ವಿದ್ಯಾಗಮ’ಕ್ಕೂ ಜೋತುಬಿದ್ದು ಹೇಗೆ ಹಿಂದುಳಿದರೆಂಬುದನ್ನು ಕಂಡವರಿಗೆ ಈ ಪ್ರಶ್ನೆ ಹೃದಯಕ್ಕೆ ತಾಕುತ್ತದೆ. ಸಮಾನತೆಯ ಈ ಹಂಬಲವನ್ನು ನಾನು ಪೂರ್ಣವಾಗಿ ಹಂಚಿಕೊಳ್ಳುತ್ತೇನೆ. ಹಂಚಿಕೊಳ್ಳುವುದರಿಂದಲೇ ವಿರೋಧಿಸುತ್ತೇನೆ. ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಗಳೂರಿನ ಸಂಶೋಧನಾಲಯವನ್ನು ಕಟ್ಟುವುದರಲ್ಲಿ 2005ರಿಂದ ಪಾತ್ರವಹಿಸಿ, ಬಡವರ ಶಿಕ್ಷಣಕ್ಕೆ ಕಂಪ್ಯೂಟರನ್ನು ಒಗ್ಗಿಸುವ ಪ್ರಯೋಗಗಳನ್ನು ಸ್ವತಃ ನಡೆಸಿದ ಕೆಂಟಾರೊ ಟೊಯಾಮಾ ಅವರು 2015ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮುಟ್ಟಿದ ನಿರ್ಣಯ ಇದು: ತಂತ್ರಜ್ಞಾನವು ಇರುವ ಮಾನವಶಕ್ತಿಯನ್ನು ಹಿಗ್ಗಿಸುತ್ತದೆಯೇ ಹೊರತು ಇಲ್ಲದ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಸಮರ್ಥರಾದ ಅಧ್ಯಾಪಕರೂ ಓದಿದ ತಾಯ್ತಂದೆಯರೂ ಇರುವಲ್ಲಿ ಟ್ಯಾಬಿನಿಂದ ಕಿಂಚಿತ್ ಲಾಭವಾದೀತು. ಇಲ್ಲದಲ್ಲಿ ಅದು ಆಟಿಕೆಯಾಗುತ್ತದೆ. ಹೀಗೆ ಎರಡರ ನಡುವಣ ಅಂತರ ಹಿಗ್ಗುತ್ತದೆ. ಪೆರು ದೇಶದ ಗ್ರಾಮೀಣ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟ ಯೋಜನೆಯ ಫಲವನ್ನು 2012ರಲ್ಲಿ ಪರಿಶೀಲಿಸಿದಾಗ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಪ್ರಗತಿ ಕಂಡುಬರಲಿಲ್ಲ.

ದೂರದ ನಿದರ್ಶನಗಳೇ ಬೇಕೆಂದಿಲ್ಲ. ಈ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಎಂಬ ಯೋಜನೆಯಡಿ ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. ಅವುಗಳೊಡನೆ ಕಲಿಸುವ ಕೆಲಸವನ್ನೂ ಖಾಸಗಿ ಕಂಪೆನಿಗಳಿಗೆ ಗುತ್ತಿಗೆ ಕೊಡಲಾಯಿತು. ಶಾಲೆಯ ಉಪಾಧ್ಯಾಯರು ಹೊರಗೇ ಉಳಿದರು. ಗುತ್ತಿಗೆಯೊಡನೆ ಉತ್ಸಾಹವೂ ಮುಗಿಯಿತು. ನೆರೆಯ ಕೇರಳವು ಅದೇ ಕಾಲದಲ್ಲಿ ಉಪಾಧ್ಯಾಯರನ್ನೇ ಮುಂದಿಟ್ಟುಕೊಂಡು ನಡೆಸಿದ ಯೋಜನೆ ಬೇರೂರಿತು. ಇನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಕರ್ನಾಟಕದ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕಾ ಕೇಂದ್ರಗಳನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ನಡೆಸಿದ ಮೇಲೆ, ಯಂತ್ರದ ಮೋಹವು ಶಿಕ್ಷಣದ ನಿಜವಾದ ಸಮಸ್ಯೆಗಳಿಂದ ನಮ್ಮ ಗಮನವನ್ನು ಬೇರೆಡೆಗೆ ಸೆಳೆಯುತ್ತದೆಯೆಂದು ಆ ಸಂಸ್ಥೆಯ ಮುಖ್ಯರೇ 2010ರಲ್ಲಿ ಬಹಿರಂಗವಾಗಿ ಬರೆದರು. ಪ್ರಯೋಗ ಮಾಡಿದವರೇ ಹೇಳಿದ ಮಾತನ್ನು ಮರೆತು, ಅದೇ ಪ್ರಯೋಗವನ್ನು ಚಿಕ್ಕ ಪರದೆಯ ಮೇಲೆ ಮತ್ತೆ ಮೊದಲಿಂದ ತೊಡಗುವುದು ವಿವೇಕವಲ್ಲ. ನಗರದ ಸಿರಿವಂತ ಮಗುವಿಗೆ ಟ್ಯಾಬ್ ಉಂಟು, ನಿಜ. ಆದರೆ ಅದರ ಬರಹವನ್ನು ಓದುವ ತಾಯಿಯೂ, ಪ್ರಶ್ನಿಸುವ ಅಧ್ಯಾಪಕರೂ, ಪ್ರಕಟಿಸುವ ಶಾಲಾಪತ್ರಿಕೆಯೂ ಉಂಟು. ಹಳ್ಳಿಯ ಮಗುವಿಗೆ ಮೊದಲನೆಯದನ್ನು ಮಾತ್ರ ಕೊಟ್ಟು ಸಮಾನತೆಯನ್ನು ಸಾಧಿಸಿದೆವೆಂದುಕೊಳ್ಳುವುದು ಆ ಮಗುವಿಗೆ ಮಾಡುವ ಅನ್ಯಾಯ.

ಐದನೆಯ ವಾದವನ್ನು ಉಪಾಧ್ಯಾಯರೇ ಹೂಡುತ್ತಾರೆ: ಓದಲು ನಮಗೆ ಹೊತ್ತೆಲ್ಲಿ? ಇದು ವಾದವಲ್ಲ, ಅಳಲು; ನಾವು ಕಿವಿಗೊಡಬೇಕಾದ ಅಳಲು. ಮೂವತ್ತು ಮಕ್ಕಳ ಒಂದು ತರಗತಿಯಲ್ಲಿ ಒಂದೊಂದು ಬರಹಕ್ಕೆ ಐದು ನಿಮಿಷದಂತೆ ಕೊಟ್ಟರೂ ವಾರಕ್ಕೆ ನೂರೈವತ್ತು ನಿಮಿಷ, ಎಂದರೆ ಎರಡೂವರೆ ಗಂಟೆ ಬೇಕು. ಆ ಎರಡೂವರೆ ಗಂಟೆಯನ್ನು ಯಾವುದು ಕಸಿದುಕೊಂಡಿದೆ? ವಿದ್ಯಾರ್ಥಿಗಳ ದಾಖಲೆಯ ‘ಸ್ಯಾಟ್ಸ್’ ಜಾಲತಾಣದಲ್ಲಿ ಮಾಹಿತಿ ತುಂಬುವುದು, ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಗಳ ಲೆಕ್ಕ, ನಡೆದ ಕಾರ್ಯಕ್ರಮದ ಫೋಟೊ ತೆಗೆದು ಗ್ರೂಪಿಗೆ ಹಾಕುವುದು, ಬಿಎಲ್‌ಒ ಆಗಿ ಮತದಾರರ ಪಟ್ಟಿಯನ್ನು ತಿದ್ದುವುದು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ತೊಡಗಿಸಿದ ಕಾರಣ ದಸರಾ ರಜೆಯನ್ನೇ ವಿಸ್ತರಿಸಬೇಕಾಯಿತು. ಮೇಷ್ಟ್ರ ಕೈಗೆ ಪರದೆ ಬಂದಂದಿನಿಂದ ಅವರ ಹೊತ್ತು ಉಳಿದಿಲ್ಲ, ಕರಗಿದೆ. ಮಕ್ಕಳ ಕೈಗೆ ಪರದೆ ಬಂದರೆ ಚಾರ್ಜ್ ಮಾಡುವುದು, ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು, ಒಡೆದದ್ದನ್ನು ವರದಿ ಮಾಡುವುದು, ಬಳಕೆಯ ಅಂಕಿ ಅಂಶಗಳನ್ನು ಮೇಲಕ್ಕೆ ಕಳುಹಿಸುವುದು ಎಲ್ಲವೂ ಅದೇ ಮೇಷ್ಟ್ರ ತಲೆಗೆ ಬರುವುದು ನಿಶ್ಚಿತ. ಹೊತ್ತಿಲ್ಲವೆಂಬುದಕ್ಕೆ ಪರಿಹಾರ ಹೊತ್ತನ್ನು ಹಿಂದಕ್ಕೆ ಕೊಡುವುದು. ಓದುವ ಕೆಲಸವನ್ನು ಓದಲಾರದ ವಸ್ತುವಿಗೆ ವಹಿಸುವುದಲ್ಲ.

ಟ್ಯಾಬ್ ಸರ್ವಥಾ ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ. ಕಣ್ಣು ಕಾಣದ ಮಗುವಿಗೆ ಪಾಠವನ್ನು ಓದಿ ಹೇಳುವ, ಕೈ ಬೆರಳುಗಳು ಸ್ವಾಧೀನದಲ್ಲಿಲ್ಲದ ಮಗುವಿನ ಮಾತನ್ನು ಬರಹವಾಗಿಸುವ ಸಾಧನ ಆ ಮಕ್ಕಳ ಹಕ್ಕು. ಅದು ಅವರಿಗೆ ನಾಳೆಯಲ್ಲ, ಇಂದೇ ದೊರೆಯಬೇಕು. ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಕನ್ನಡದ ಕೀಲಿಮಣೆಯನ್ನು ಕಲಿಸುವುದೂ ಯುಕ್ತ. ನಾನು ಖಂಡಿಸುತ್ತಿರುವುದು ಬರೆಯಲು ಕಲಿಯುತ್ತಿರುವ ಮಗುವಿಗೂ ಅದರ ಓದುಗರಿಗೂ ನಡುವೆ ಯಂತ್ರವನ್ನು ತಂದು ನಿಲ್ಲಿಸುವುದನ್ನು.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ದಾಖಲಾತಿ ಕುಸಿಯುತ್ತಿದೆಯೆಂದು ಎಲ್ಲರೂ ಮರುಗುತ್ತಾರೆ. ಹದಿನೈದು ಇಪ್ಪತ್ತು ಮಕ್ಕಳ ಶಾಲೆಯು ಬೇರೆ ಯಾವುದಕ್ಕೆ ಅನನುಕೂಲವಾದರೂ ಬರವಣಿಗೆಗೆ ಅನುಕೂಲವೇ. ಅಷ್ಟು ಪುಸ್ತಕಗಳನ್ನು ಒಬ್ಬರೇ ಉಪಾಧ್ಯಾಯರು ಮನಸ್ಸಿಟ್ಟು ಓದಬಹುದು. ವಾರಕ್ಕೊಮ್ಮೆ ಪ್ರತಿಯೊಂದು ಮಗುವೂ ತಾನು ಕಂಡದ್ದನ್ನು ಬರೆಯಲಿ. ಅದಕ್ಕೆ ಅಂಕ ಬೇಡ. ಉಪಾಧ್ಯಾಯರು ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಲಿ. ಮಗು ಉತ್ತರಿಸಿ ಇನ್ನೊಮ್ಮೆ ಬರೆಯಲಿ. ಒಳ್ಳೆಯದನ್ನು ಗೋಡೆಪತ್ರಿಕೆಯಲ್ಲಿ ಹಚ್ಚಲಿ. ತಿಂಗಳಿಗೊಮ್ಮೆ ಕೈಬರಹದ ಪತ್ರಿಕೆ ಹೊಲಿದು, ಗ್ರಾಮ ಪಂಚಾಯಿತಿಯ ‘ಅರಿವು ಕೇಂದ್ರ’ದಲ್ಲಿ ಊರವರು ಓದುವಂತೆ ಇಡಲಿ. ಹೊಳೆನರಸೀಪುರದ ನಾಲೆಯ ಬಯಲಿನ ಮಕ್ಕಳು ಚನ್ನರಾಯಪಟ್ಟಣದ ತೆಂಗಿನ ಸೀಮೆಯ ಮಕ್ಕಳಿಗೆ ಅಂಚೆಯಲ್ಲಿ ಕಾಗದ ಬರೆಯಲಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿ ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗುವುದನ್ನೂ, ಅಲ್ಲಾಡಿಸಿದರೆ ಒಳಗೆ ಗಡಗಡನೆ ಸದ್ದಾದಾಗ ಸುಲಿಯಲು ಹದವಾಯಿತೆಂದು ತಿಳಿಯುವುದನ್ನೂ, ಅದನ್ನು ಎಂದೂ ಕಾಣದ ಗೆಳೆಯನಿಗೆ ತಿಳಿಯುವಂತೆ ಬರೆಯಬೇಕಾದ ಮಗು ಗದ್ಯವನ್ನು ಕಲಿಯದೆ ಇರಲು ಸಾಧ್ಯವಿಲ್ಲ. ಏಕೆಂದರೆ ಆ ಬರಹಕ್ಕೆ ಕಾದಿರುವ ಒಬ್ಬ ಓದುಗನಿದ್ದಾನೆ. ಇದಕ್ಕೆ ತಗಲುವ ವೆಚ್ಚವೋ ಅತ್ಯಲ್ಪ: ಸಾಧಾರಣವಾದ ಒಂದು ಟ್ಯಾಬಿಗೆ ಹತ್ತು ಸಾವಿರ ರೂಪಾಯಿ ಎಂದಿಟ್ಟುಕೊಂಡರೂ, ಐವತ್ತು ರೂಪಾಯಿಯ ನೋಟ್‌ಬುಕ್ಕುಗಳು ಆ ಹಣಕ್ಕೆ ಇನ್ನೂರು ಬರುತ್ತವೆ, ಇಪ್ಪತ್ತು ಮಕ್ಕಳ ಶಾಲೆಯೊಂದಕ್ಕೆ ಅವು ವರ್ಷಗಳ ಬರವಣಿಗೆಗೆ ಸಾಕು.

ಆದುದರಿಂದ ದಾನ ಮಾಡಬಯಸುವ ಹಳೆಯ ವಿದ್ಯಾರ್ಥಿಗಳಲ್ಲಿ, ಅದನ್ನು ಸ್ವೀಕರಿಸುವ ಎಸ್‌ಡಿಎಂಸಿಗಳಲ್ಲಿ, ಯೋಜನೆಗಳನ್ನು ಮಂಜೂರು ಮಾಡುವ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಸ್ಪಷ್ಟವಾದದ್ದು. ಶಾಲೆಗೆ ಟ್ಯಾಬ್ ತರುವ ಪ್ರಸ್ತಾಪ ಬಂದಾಗಲೆಲ್ಲ, ಇದರಲ್ಲಿ ಮಗು ಬರೆದದ್ದನ್ನು ಓದುವವರು ಯಾರು, ಯಾವ ದಿನ, ಎಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಮೊದಲು ಕೇಳತಕ್ಕದ್ದು. ಅದಕ್ಕೆ ಒಬ್ಬ ಮನುಷ್ಯರ ಹೆಸರಿನಿಂದ ಉತ್ತರ ಬಾರದಿದ್ದರೆ ಪ್ರಸ್ತಾಪವನ್ನು ತಿರಸ್ಕರಿಸತಕ್ಕದ್ದು. ಆ ಹಣದಿಂದ, ಲೆಕ್ಕ ಬರೆಯುವ ಕೆಲಸದಿಂದ ಉಪಾಧ್ಯಾಯರನ್ನು ಬಿಡಿಸಲು ಒಬ್ಬ ಸಹಾಯಕರನ್ನು ನೇಮಿಸಿ, ಬಿಡುಗಡೆಯಾದ ಹೊತ್ತನ್ನು ಮಕ್ಕಳ ಪುಸ್ತಕಗಳನ್ನು ಓದುವುದಕ್ಕೇ ಮೀಸಲಿಡತಕ್ಕದ್ದು. ತಾನು ಬರೆದದ್ದನ್ನು ಓದುವವರಿದ್ದಾರೆಂದು ಬಲ್ಲ ಮಗು ಬಳಪದ ತುಂಡಿನಿಂದಲೂ ಬರೆಯಲು ಕಲಿಯುತ್ತದೆ. ಓದುವವರಿಲ್ಲವೆಂದು ಬಲ್ಲ ಮಗುವಿಗೆ ಯಾವ ಸಾಧನದಿಂದಲೂ ಬರವಣಿಗೆಯನ್ನು ಕಲಿಸಲಾಗದು.